ಮಿಲ್ಟ್ರಿ ಲಾರಿಯನ್ನು ಮೋಟು ಮಾಡಿದ ಮೇಲೆ

೧೯೯೩ರಲ್ಲಿ, ಒಂಬತ್ತನೇ ತರಗತಿಯಲ್ಲಿದ್ದಾಗ ನಾನು ಓದು ನಿಲ್ಲಿಸಿದೆ. ಫೇಲಾಗಿ ಬಿಟ್ಟವನಲ್ಲ, ಯಾರೂ ಬಿಡಿಸಿದ್ದೂ ಅಲ್ಲ. ಕೋಲಾರದ ಒಂದು ಗ್ಯಾರೇಜಿನಲ್ಲಿ ಲಾರಿಯೊಂದರ ಮುರಿದ ಚಾಸಿ, ಅಂದರೆ ಅಡಿಯ ಚೌಕಟ್ಟು, ಬೆಸೆಯುವುದನ್ನು ನಿಂತು ನೋಡಿದೆ, ಇದೇ ನನ್ನ ಕೆಲಸ ಅನ್ನಿಸಿತು, ಅಷ್ಟೇ. ಈಗ ಶ್ರೀನಿವಾಸಪುರದಲ್ಲಿ ನನ್ನದೇ ಶೆಡ್ಡಿದೆ. ನಾನು ಹಾಕಿದ ಬೆಸುಗೆ ಬಿಟ್ಟುಕೊಂಡಿತೆಂದು ಇದುವರೆಗೆ ಯಾರೂ ಗಾಡಿ ವಾಪಸ್ ತಂದಿಲ್ಲ. ಜಂಬ ಅಂದರೆ ಅನ್ನಲಿ.

ಅಣ್ಣ ಡ್ರೈವರ್. ನನಗೆ ಗೇರು ಹಾಕುವುದನ್ನು ಕಲಿಸಿದವನೂ ಅವನೇ. ಸೈನ್ಯದವರು ಹರಾಜು ಹಾಕಿದ ಹಳೇ ಲಾರಿಯೊಂದನ್ನು ನಾವಿಬ್ಬರೂ ಸೇರಿ ಕೊಂಡಿದ್ದೆವು. ಓಡಿಸುವುದು ಅವನು, ರಿಪೇರಿ ನನ್ನದು. ಗೌನಿಪಲ್ಲಿ ಕಡೆಯ ತೋಟಗಳಿಂದ ಮಂಡಿಗೆ ಮಾವು ತರುತ್ತಿದ್ದೆವು. ಮಳೆ ಬಿದ್ದು ಕೆಂಪು ಮಣ್ಣಿನಲ್ಲಿ ಬೇರೆ ಗಾಡಿಗಳು ಹೂತುಕೊಂಡರೆ, ಮುಂದಿನ ಚಕ್ರವೂ ಎಳೆಯುವ ನಮ್ಮ ಲಾರಿಯೇ ಬೇಕಿತ್ತು. ಅಣ್ಣ ಬಂದರೆ ತೋಟದವರು ಮೊದಲು ಕಾಫಿ ಕೊಟ್ಟು ಆಮೇಲೆ ಮಾತಾಡಿಸುತ್ತಿದ್ದರು.

ಆದರೆ ಈಚೆಗೆ ಗಿಡಗಳನ್ನು ಹತ್ತಿರ ಹತ್ತಿರ ಹಾಕುತ್ತಾರೆ. ಅಷ್ಟುದ್ದದ ಲಾರಿ ಸಾಲಿನ ಕೊನೆಯಲ್ಲಿ ತಿರುಗುತ್ತಿರಲಿಲ್ಲ. ಒಂದು ದಿನ ತೋಟದ ಯಜಮಾನರು ಮುರಿದ ರೆಂಬೆ ಹಿಡಿದುಕೊಂಡೇ ಬಂದರು.

"ಏಮಪ್ಪಾ, ನೀವು ಕಾಯಿ ತುಂಬಕ್ಕೆ ಬಂದ್ರಾ, ಸೌದೆ ಕಡಿಯಕ್ಕೆ ಬಂದ್ರಾ? ಮುಂದಿನ್ ಸಲ ಚಿಕ್ಕ ಗಾಡಿ ಕರೀತೀನಿ."

ಆ ವರ್ಷವೇ ಲಾರಿಯನ್ನು ಮೋಟು ಮಾಡೋಣ ಅಂದೆ. ಅಣ್ಣನಿಗೆ ಮನಸ್ಸಿರಲಿಲ್ಲ. "ಚೆನ್ನಾಗಿ ಓಡೋ ಗಾಡಿ ಕಣೋ, ಯಾಕೆ ಕುಯ್ತೀಯಾ?" ಅಂದ. ಬಾಡಿಗೆ ಕೈತಪ್ಪುತ್ತಿದೆ ಎಂದು ಅವನಿಗೂ ಗೊತ್ತಿತ್ತು, ಕೊನೆಗೆ ಒಪ್ಪಿದ. ಆರ್‌ಟಿಓ ಕಚೇರಿಯ ಅಪ್ಪಣೆಗೆ ಓಡಾಡಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಮುಗಿಯುವ ಕಥೆಯಲ್ಲ.

ಕ್ಯಾಬಿನ್ನಿಗೂ ಹಿಂದಿನ ಚಕ್ರಕ್ಕೂ ನಡುವೆ ಮೂರೂವರೆ ಅಡಿ ಚಾಸಿ ಕತ್ತರಿಸಿ ತೆಗೆದೆ. ಹಿಂಭಾಗವನ್ನು ಮುಂದಕ್ಕೆ ತಂದು, ಒಳಗೆ ದಪ್ಪ ಪಟ್ಟಿ ಕೊಟ್ಟು ಸೇರಿಸಿದೆ. ಹಿಂದಿನ ಚಕ್ರ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟೂ ಅಷ್ಟೇ ಮೋಟಾಗಬೇಕಿತ್ತು, ಅದನ್ನು ಕೋಲಾರದ ಲೇತ್ ಅಂಗಡಿಗೆ ಹೊತ್ತೊಯ್ದೆ. ಅಲ್ಲಿನ ಭಾಯ್ ಅದನ್ನು ಕತ್ತರಿಸಿ, ಬ್ಯಾಲೆನ್ಸ್ ನೋಡಿ, ಕೈ ಒರೆಸಿಕೊಳ್ಳುತ್ತಾ ಕೇಳಿದರು:

"ಗಾಡಿ ಮೋಟಾಯ್ತು, ಸರಿ. ಓಡ್ಸೋರು ಯಾರು?"

"ನಮ್ಮಣ್ಣ, ಭಾಯ್."

"ಅರೇ, ಅವ್ರ ಕೈ ಇನ್ನೂ ಉದ್ದಾನೇ ಐತಲ್ಲಯ್ಯಾ! ಅದನ್ನ ಯಾವ ಲೇತಿಗೆ ಹಾಕ್ತೀಯಾ?"

ಇಬ್ಬರೂ ನಕ್ಕೆವು.

ತೋಟದೊಳಗೆ ಲಾರಿ ಆಟೋ ತಿರುಗಿದ ಹಾಗೆ ತಿರುಗಿತು. ಯಜಮಾನರು ಬೆನ್ನು ತಟ್ಟಿದರು. ರೋಡಿಗೆ ಬಂದ ಮೇಲೆ ಅದರ ಗುಣ ಬೇರೆ. ಸ್ಟೇರಿಂಗ್ ಚೂರು ಅಲುಗಿಸಿದರೂ ಮೂತಿ ಹೊರಳುತ್ತಿತ್ತು. ರೋಡ್ ಹಂಪಿನ ಮೇಲೆ ಮುಂದಿನ ಚಕ್ರ ಇಳಿಯುವುದಕ್ಕೂ ಹಿಂದಿನದು ಹತ್ತುವುದಕ್ಕೂ ನಡುವೆ ಹೊತ್ತೇ ಇಲ್ಲದೆ, ಗಾಡಿ ತಲೆಯಾಡಿಸುತ್ತಾ ಹೋಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಬ್ರೇಕು. ಜೋರಾಗಿ ಒತ್ತಿದರೆ ಭಾರವೆಲ್ಲ ಮುಂದಕ್ಕೆ ಬಿದ್ದು, ಹಗುರಾದ ಹಿಂದಿನ ಚಕ್ರಗಳು ತಿರುಗದೆ ಕಚ್ಚಿಕೊಂಡು ಜಾರುತ್ತವೆ. ಉದ್ದ ಗಾಡಿಯಲ್ಲಿ ಹಿಂಭಾಗ ಪಕ್ಕಕ್ಕೆ ಬರುವಷ್ಟರಲ್ಲಿ ಸರಿಮಾಡಿಕೊಳ್ಳಬಹುದು. ಮೋಟು ಗಾಡಿ ಅಷ್ಟು ಹೊತ್ತು ಕೊಡುವುದಿಲ್ಲ. ಹಿಂದಿನ ಬ್ರೇಕನ್ನು ಸ್ವಲ್ಪ ಸಡಿಲ ಮಾಡಿದೆ, ಅಣ್ಣನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. "ಆಯ್ತು ಕಣೋ, ನಾನೇನು ನಿನ್ನೆ ಲೈಸೆನ್ಸ್ ತಗೊಂಡವ್ನಾ?" ಅಂದ.

ಒಂದು ದಿನ ಮಂಡಿಯಲ್ಲಿ ಕಾಯಿ ಇಳಿಸಿ ಖಾಲಿ ಬರುತ್ತಿದ್ದೆವು. ತುಂತುರು ಮಳೆ. ನಾನು ಪಕ್ಕದಲ್ಲಿ ಕೂತಿದ್ದೆ. ಕೆರೆ ಕಟ್ಟೆಯ ಮೇಲೆ ಒಂದು ತಿರುವಿದೆ. ಉದ್ದ ಲಾರಿಯವರು ಅಂಥ ಕಡೆ ಮೊದಲು ಹೊರಕ್ಕೆ ಎಳೆದು, ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸುತ್ತಾರೆ. ಇಲ್ಲದಿದ್ದರೆ ಹಿಂದಿನ ಚಕ್ರ ಒಳಗಿನ ಕಲ್ಲು ಹತ್ತುತ್ತದೆ. ಅಣ್ಣ ಹಾಗೇ ಮಾಡಿದ. ಅವನ ಕೈಗೆ ಗೊತ್ತಿದ್ದದ್ದು ಅದೇ. ಮೂತಿ ಬೇಕಾದ್ದಕ್ಕಿಂತ ಹೆಚ್ಚು ಹೊರಳಿತು. ಎದುರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಒಬ್ಬ ಬರುತ್ತಿದ್ದ. ಅಣ್ಣ ಬೆಚ್ಚಿ ಬ್ರೇಕ್ ಒತ್ತಿದ. ಹಿಂಭಾಗ ಸುಯ್ಯನೆ ಪಕ್ಕಕ್ಕೆ ಬಂತು. ನಿಂತಾಗ ಲಾರಿ ರೋಡಿಗೆ ಅಡ್ಡ, ಹಿಂದಿನ ಚಕ್ರ ನೀರಿನ ಕಡೆಯ ಅಂಚಿನಲ್ಲಿ. ಹಾಲಿನವನು ಮೊಪೆಡ್ ಬಿಟ್ಟು ಹಾರಿಕೊಂಡಿದ್ದ. ಗಾಯವಾಗಿರಲಿಲ್ಲ. ಹಾಲು ಮಳೆನೀರಿನ ಜೊತೆ ಹರಿಯುತ್ತಿತ್ತು.

ಅವನು ಎದ್ದು ಬಂದು ಅಣ್ಣನ ಮುಖ ನೋಡಿದ. "ಏನಣ್ಣಾ, ಇಷ್ಟ್ ವಯಸ್ಸಾಗೈತೆ, ಇನ್ನೂ ಕಲೀತಾ ಇದ್ದೀಯಾ?"

ಅಣ್ಣನಿಗೆ ಆ ಮಾತನ್ನು ಈ ಸೀಮೆಯಲ್ಲಿ ಯಾರೂ ಅಂದಿರಲಿಲ್ಲ. ಅವನು ಹ್ಯಾಂಡ್‌ಬ್ರೇಕ್ ಎಳೆದು ಇಳಿದ. ಹಾಲಿನ ದುಡ್ಡು ಕೊಟ್ಟ. "ಮಿಕ್ಕಿದ್ ದಾರಿ ನೀನೇ ಓಡ್ಸು" ಅಂತ ನನಗೆ ಹೇಳಿದ.

ಮರುದಿನ ಶೆಡ್ಡಿಗೆ ಬಂದು, ಗೋಡೆಗೆ ಒರಗಿಸಿದ್ದ ಚಾಸಿಯ ತುಂಡುಗಳನ್ನು ಕಾಲಲ್ಲಿ ತಟ್ಟಿದ.

"ಇದನ್ನ ಮತ್ತೆ ಸೇರ್ಸು."

"ಆಗಲ್ಲ ಅಣ್ಣಾ. ಈಗಿರೋದು ಒಂದು ಜಾಯಿಂಟು. ಮಧ್ಯೆ ತುಂಡು ಕೂರ್ಸಿದ್ರೆ ಎರಡಾಗ್ತವೆ. ಲೋಡಿಗೆ ತಡೆಯಲ್ಲ."

"ನಿನ್ ಬೆಸುಗೆ ಬಿಡಲ್ಲ ಅಂತೀಯಲ್ಲೋ?"

"ಬೇಕಾದ್ರೆ ಭಾನುವಾರ ಮೈದಾನದಾಗೆ ಒಂದಷ್ಟು ಓಡ್ಸು. ನಾನೂ ಬರ್ತೀನಿ. ಕೈ ಕೂರ್ತದೆ."

"ಓಹೋ, ಮೇಷ್ಟ್ರು ನೀನಾ?" ನಕ್ಕ. ಆದರೂ ಭಾನುವಾರ ಬಂದ.

ಖಾಲಿ ಮೈದಾನದಲ್ಲಿ ಸುತ್ತು ಹಾಕಿಸಿದೆ. ಎರಡು ಡ್ರಮ್ಮಿನ ನಡುವೆ ತಿರುಗಿಸು ಅಂದೆ. ತಿರುಗಿಸಿದ, ಡ್ರಮ್ಮಿಗೆ ತಾಗಿಸಲಿಲ್ಲ. ಕೈ ಬೇಗ ಕಲಿಯುತ್ತಿತ್ತು. ಕಾಲು ಮಾತ್ರ ಮತ್ತೆ ಮತ್ತೆ ಬ್ರೇಕಿನ ಮೇಲೇ ಹೋಗುತ್ತಿತ್ತು. ನೇರ ಹೋಗುವಾಗಲೂ, ಎದುರಿಗೆ ಒಂದು ನಾಯಿಯೂ ಇಲ್ಲದಾಗಲೂ, ಪಾದ ಅಲ್ಲಿಗೇ ಓಡುತ್ತಿತ್ತು. ನಾನು ಅದನ್ನು ನೋಡುತ್ತಿರುವುದು ಅವನ ಕಣ್ಣಿಗೆ ಬಿತ್ತು. ಇಂಜಿನ್ ಆಫ್ ಮಾಡಿದ.

"ಇವತ್ತಿಗೆ ಸಾಕು ಬಿಡು" ಅಂದ. ಆ ಸೀಟಿನಲ್ಲಿ ಮತ್ತೆ ಕೂರಲಿಲ್ಲ.

ಈಗ ಅವನು ಕೋಲಾರದ ಮಾರುಕಟ್ಟೆಯಿಂದ ಬೇರೆಯವರ ಲಾರಿಯಲ್ಲಿ ಟೊಮ್ಯಾಟೊ ಲೋಡು ಹೊಡೆಯುತ್ತಾನೆ. ಉದ್ದದ ಲಾರಿ, ಚೆನ್ನಾಗಿಯೇ ಓಡಿಸುತ್ತಾನಂತೆ. ಹಬ್ಬಕ್ಕೆ ಬಂದಾಗ ನಗುನಗುತ್ತಾ ಊಟ ಮಾಡುತ್ತಾನೆ, ಲಾರಿಯ ಸುದ್ದಿ ಎತ್ತುವುದಿಲ್ಲ. ಎರಡು ಜಾಯಿಂಟು ತಡೆಯುವುದಿಲ್ಲ ಅಂದದ್ದು ಸುಳ್ಳಲ್ಲ. ಆದರೆ ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ, ಹೊರಗಿನಿಂದ ಉದ್ದಕ್ಕೆ ಪಟ್ಟಿ ಕೊಟ್ಟಿದ್ದರೆ ತಡೆಯುತ್ತಿತ್ತೇನೋ ಎಂದು ಲೆಕ್ಕ ಹಾಕುತ್ತಾ ಕೂರುತ್ತೇನೆ. ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ.

ಈಗ ನನಗಿರುವುದು ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಿಷನ್ನು, ಒಂದು ಗ್ಯಾಸ್ ಕಟರ್, ಒಂದು ಮನೆ, ಎರಡು ಸೀಮೆಹಸು, ಒಂದು ಮೋಟು ಲಾರಿ. ಲಾರಿಯನ್ನು ನಾನೇ ಓಡಿಸುತ್ತೇನೆ.