ಗೋಪಾಲಮ್ಮ ಕಿತ್ತ ಲೈನು

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಟ್ರಂಕ್ ಕಾಲ್ ಆಪರೇಟರ್ ಆಗಿದ್ದ ಗೋಪಾಲಮ್ಮ, ೧೯೮೨ರಲ್ಲಿ ನಿವೃತ್ತರಾಗಿ ಯಲಹಂಕದ ಮನೆಯಲ್ಲಿ ಕೂತರು. ಗಂಡ ಹೋಗಿ ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮಧ್ಯಾಹ್ನ ವಾಯುಪಡೆಯ ವಿಮಾನವೊಂದು ತಾರಸಿಯ ಮೇಲೆ ಗುಡುಗಿಕೊಂಡು ಹೋದಮೇಲೆ ಬೀದಿ ಒಂದು ಗಳಿಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಆಗ ಅವರ ಕಿವಿಯಲ್ಲಿ ಒಬ್ಬ ಹುಡುಗಿ ಮಾತಾಡುತ್ತಿದ್ದಳು.

"ಅಕ್ಕಾ, ಒಂದೇ ನಿಮಿಷ. ಅಮ್ಮಿ ಬಂದ್ರು."

ಕೆಲಸದಲ್ಲಿದ್ದಾಗಲೂ ಈ ದನಿ ಬರುತ್ತಿತ್ತು. ಆದರೆ ಅಲ್ಲಿ ನೂರು ದನಿಗಳಿದ್ದವು, ಅವುಗಳಲ್ಲಿ ಇದೂ ಒಂದಾಗಿ ಮುಳುಗಿಹೋಗುತ್ತಿತ್ತು. ಮನೆಯಲ್ಲಿ ಇದೊಂದೇ ಉಳಿಯಿತು. ಗೋಪಾಲಮ್ಮ ಬೆಳಗಿನಿಂದ ಸಂಜೆಯವರೆಗೆ ರೇಡಿಯೋ ಜೋರಾಗಿ ಹಾಕತೊಡಗಿದರು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಅವಳು ಬಂದೇಬಿಡುತ್ತಿದ್ದಳು.

ಆ ಗಲಾಟೆ ತಡೆಯಲಾರದೆ ಒಂದು ದಿನ ಪಕ್ಕದ ಮನೆಯ ಶಹರ್ಬಾನು ಬಾಗಿಲು ತಟ್ಟಿದಳು.

"ನಿಮಗೆ ಬೇಕಾಗಿರೋದು ಜನ, ರೇಡಿಯೋ ಅಲ್ಲ. ಸೀರೆ ಬದಲಾಯಿಸಿ, ಸಮಾಜಕ್ಕೆ ಹೋಗೋಣ."

ಮಹಿಳಾ ಸಮಾಜ ಅಂದರೆ ಹಳೇ ಶಾಲೆಯ ಒಂದು ಕೋಣೆ. ಗುರುವಾರ ಮಧ್ಯಾಹ್ನ ಹದಿನೈದಿಪ್ಪತ್ತು ಹೆಂಗಸರು ಸೇರಿ ಕೌದಿ ಹೊಲಿಯುತ್ತಿದ್ದರು, ಹರಟುತ್ತಿದ್ದರು. ಅದನ್ನು ಕಟ್ಟಿದ್ದು ದ್ರಾಕ್ಷಿ ತೋಟದ ಮುನಿಯಲ್ಲಮ್ಮ. ಎಪ್ಪತ್ತು ದಾಟಿದ ಮುದುಕಿ, ಓದು ಬರದು, ಆದರೆ ಆಕೆ ಹೇಳಿದ್ದಕ್ಕೆ ಎದುರಾಡುವವರಿರಲಿಲ್ಲ. ಗೋಪಾಲಮ್ಮನ ದುಂಡನೆಯ ಅಕ್ಷರ ನೋಡಿದ್ದೇ, "ನಿಂಗೆ ಸೂಜಿ ಬ್ಯಾಡ, ಪೆನ್ನು ಇಡ್ಕೋ" ಅಂದಳು. ಅವತ್ತಿನಿಂದ ವಿಧವಾ ವೇತನದ ಅರ್ಜಿ, ಮಗಳ ಮನೆಗೆ ಕಾಗದ, ನಲ್ಲಿ ನೀರಿಗೆ ಮನವಿ ಎಲ್ಲ ಗೋಪಾಲಮ್ಮನ ಪಾಲಿಗೆ ಬಂತು. ಬೇರೆಯವರ ಮಾತನ್ನು ಕೇಳಿ ಆಚೆ ದಾಟಿಸುವ ಕೆಲಸ ಅವರಿಗೆ ಹೊಸದಲ್ಲ. ಕಾಗದ ಹೇಳಿ ಬರೆಸಿದವರು ಈಗ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು, ಅದು ಹೊಸದು. ಗೋಪಾಲಮ್ಮ ಗುರುವಾರಕ್ಕಾಗಿ ಕಾಯತೊಡಗಿದರು.

ಒಂದೂವರೆ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಶಹರ್ಬಾನು ತನ್ನ ನಾದಿನಿಯ ಕಥೆ ಎಳೆಯುತ್ತಿದ್ದಳು. ನಡುವೆ ಗೋಪಾಲಮ್ಮ, ತಮಗೇ ಗೊತ್ತಿಲ್ಲದೆ, ಟ್ರಂಕ್ ಕಾಲಿನ ಗಡುವು ಮುಗಿದಾಗ ಹೇಳುತ್ತಿದ್ದ ಮಾತನ್ನು ಅಂದುಬಿಟ್ಟರು: "ಮೂರು ನಿಮಿಷ ಆಯ್ತು."

ಎಲ್ಲರೂ ಗೊಳ್ಳೆಂದು ನಕ್ಕರು. ಗೋಪಾಲಮ್ಮನ ಮುಖ ಬಿಳಿಚಿಕೊಂಡಿತು. ಅವರು ಅರ್ಧ ಬರೆದ ಕಾಗದ ಮಡಚಿಟ್ಟಿದ್ದನ್ನು ಮುನಿಯಲ್ಲಮ್ಮ ನೋಡಿದಳು.

"ಏನೋ ಐತೆ ನಿನ್ನೊಳಗೆ. ಬಾಯ್ಬಿಡು."

ಗೋಪಾಲಮ್ಮ ಹೇಳಿದರು. ೧೯೭೩, ಶ್ರಾವಣ ಮಾಸ. ರಾಯಚೂರಿನಿಂದ ಒಬ್ಬ ಹುಡುಗಿ ಯಶವಂತಪುರದ ಮರದ ಮಿಲ್ಲಿಗೆ ಕರೆ ಮಾಡಿದ್ದಳು. ಮಿಲ್ಲಿನವರು ಪಕ್ಕದ ಮನೆಯಿಂದ ಅವಳ ತಾಯಿಯನ್ನು ಕರೆತರಲು ಹೋದರು. ಕಾಯುವುದರಲ್ಲೇ ಮೂರು ನಿಮಿಷ ಮುಗಿಯಿತು. ಇತ್ತ ಕರೆಗಳ ಸಾಲು, ಬೆನ್ನ ಹಿಂದೆ ಸೂಪರ್‌ವೈಸರ್.

"'ಅಕ್ಕಾ, ಒಂದೇ ನಿಮಿಷ. ಅಮ್ಮಿ ಬಂದ್ರು, ಚಪ್ಪಲಿ ಸದ್ದು ಕೇಳಿಸ್ತಿದೆ' ಅಂದ್ಲು. ನಾನು ಲೈನ್ ಕಿತ್ತೆ. ಕಿತ್ತ ಮೇಲೆ ಈ ಕಡೆ ಆ ತಾಯಿ ಹಲೋ ಹಲೋ ಅಂತಿದ್ರು. ಆ ಹುಡುಗಿ ದನಿ ಈಗ್ಲೂ ಕಿವೀಲಿ ಬರುತ್ತೆ. ನಂಬರ್ ಇವತ್ತಿಗೂ ಬಾಯಲ್ಲಿದೆ. ಹೋಗಿ ನೋಡೋ ಧೈರ್ಯ ಮಾತ್ರ ಬರಲಿಲ್ಲ."

ಮರುವಾರ ಶಹರ್ಬಾನು, ಮುನಿಯಲ್ಲಮ್ಮ ಇಬ್ಬರೂ ಅವರನ್ನು ಹೊರಡಿಸಿದರು. ಎರಡು ಬಸ್ಸು ಬದಲಾಯಿಸಿ ಯಶವಂತಪುರ ಮುಟ್ಟಿದರು. ಮಿಲ್ಲಿನ ಯಜಮಾನ ಖುದ್ದೂಸ್ ಸಾಹೇಬರು ಗರಗಸ ನಿಲ್ಲಿಸಿ ಹೊರಗೆ ಬಂದು, ಹಳೆಯ ಆ ಕರೆಯ ವಿಷಯ ಕೇಳಿಸಿಕೊಂಡರು.

"ಮಲ್ಕಾ ಫೋನಾ? ಆ ಹುಡುಗಿ ಎರಡೇ ದಿನಕ್ಕೆ ಹೋಗಿಬಿಟ್ಳಲ್ಲಮ್ಮ. ಜ್ವರ ಅಂತ ತಂತಿ ಬಂತು. ತಾಯಿ ಫಖ್ರುನ್ನೀಸಾ ಇಲ್ಲೇ ಇದಾರೆ."

ಗೋಪಾಲಮ್ಮ ವಾಪಸು ತಿರುಗಿದರು. ಮುನಿಯಲ್ಲಮ್ಮ ಅವರ ರಟ್ಟೆ ಹಿಡಿದಳು. "ಈಗ ವಾಪಸ್ ಓದ್ರೆ ಸಾಯೋಗಂಟ ಇಂಗೇ ಇರ್ತೀಯ ಕಣಮ್ಮ. ನಡಿ."

ಫಖ್ರುನ್ನೀಸಾ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ಶಹರ್ಬಾನು ಪಕ್ಕದಲ್ಲಿ ಕೂತು ಮನೆಮಾತಿನಲ್ಲಿ ಮೆಲ್ಲಗೆ ಎಲ್ಲ ಹೇಳಿದಳು. ಮುದುಕಿ ಬಯ್ಯಲಿಲ್ಲ. ಮೊರ ಕೆಳಗಿಟ್ಟು ಗೋಪಾಲಮ್ಮನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಅಳ್ತಿದ್ಲಾ? ನಗ್ತಿದ್ಲಾ?"

ನಗುತ್ತಿದ್ದಳು ಎಂದು ನಾಲಿಗೆ ತುದಿಗೆ ಬಂದಿತ್ತು. ಗೋಪಾಲಮ್ಮ ಅದನ್ನು ನುಂಗಿಕೊಂಡರು.

"ಗೊತ್ತಾಗಲಿಲ್ಲಮ್ಮ. ಏದುಸಿರಿತ್ತು. ನಿಮ್ಮ ಚಪ್ಪಲಿ ಸದ್ದು ಕೇಳಿದಾಗ ಮಾತ್ರ ದನಿ ಹಗುರಾಯ್ತು."

"ಕೇಳಿಸ್ತಾ ಅವಳಿಗೆ?"

"ಕೇಳಿಸ್ತು."

ಫಖ್ರುನ್ನೀಸಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹನ್ನೊಂದು ವರ್ಷ ಆಕೆಯೂ ಒಂದು ಕೊರಗನ್ನು ಹೊತ್ತಿದ್ದರು. ಕರೆ ಬಂದಾಗ ಬುರ್ಖಾ ಸಿಗದೆ ಮನೆಯೆಲ್ಲ ಹುಡುಕುತ್ತಾ ನಿಂತಿದ್ದರಂತೆ. "ನಾನು ಬರಲೇ ಇಲ್ಲ ಅಂದ್ಕೊಂಡು ಹೋದ್ಲು ಅಂತಿದ್ದೆ" ಅಂದರು. ಆಮೇಲೆ, "ಅವಳು ಹೆಂಗಂದ್ಲೋ ಹಂಗೇ ಹೇಳಿ" ಎಂದು ಕೇಳಿದರು. ಗೋಪಾಲಮ್ಮ ಹೇಳಿದರು. ಇನ್ನೊಂದು ಸಲ ಕೇಳಿದರು, ಇನ್ನೊಂದು ಸಲ ಹೇಳಿದರು. ಮಿಲ್ಲಿನಲ್ಲಿ ಗರಗಸ ಸುಮ್ಮನಿತ್ತು.

ಮಲ್ಕಾ ಏನು ಹೇಳಬೇಕೆಂದಿದ್ದಳು ಎಂಬುದು ಯಾರಿಗೂ ತಿಳಿಯಲಿಲ್ಲ. ಆ ಪ್ರಶ್ನೆ ಹಾಗೇ ಉಳಿಯಿತು. ಕೆಲವು ದಿನಗಳ ಮೇಲೆ ಶಹರ್ಬಾನು ವಿಚಾರಿಸಿದಳು, "ಈಗ ಅವಳು ಬರೋದು ನಿಂತಿದೆಯಾ?"

"ಇಲ್ಲ. ಬರ್ತಾಳೆ. ಹೆಸರು ಹಿಡಿದು ಕರೀತೀನಿ," ಅಂದರು ಗೋಪಾಲಮ್ಮ. ಅದನ್ನು ಹೇಳುವಾಗ ಅವರು ಗೋಡೆಯ ಕಡೆ ನೋಡಿದರು.

ರಂಜಾನ್ ಮುಗಿದ ಮೇಲೆ ಫಖ್ರುನ್ನೀಸಾ ಸಮಾಜಕ್ಕೆ ಬರಲು ಶುರುಮಾಡಿದರು. ಕಣ್ಣು ಮಂಜಾಗಿತ್ತು. ಸೂಜಿಗೆ ದಾರ ಪೋಣಿಸಿಕೊಡುವುದು ಗೋಪಾಲಮ್ಮನ ಕೆಲಸವಾಯಿತು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ೧೯೮೯ರಲ್ಲಿ ಫಖ್ರುನ್ನೀಸಾ ತೀರಿಕೊಂಡಾಗ ಸಮಾಜದ ಹೆಂಗಸರೆಲ್ಲ ಯಶವಂತಪುರಕ್ಕೆ ಹೋದರು. ಮನೆಯವರು ಗೋಪಾಲಮ್ಮನನ್ನು ಒಳಗೆ ಕರೆದು, ತಾಯಿಯ ತಲೆದೆಸೆಯಲ್ಲಿ ಜಾಗ ಬಿಟ್ಟುಕೊಟ್ಟರು.