ಖಾಲಿ ಮನೆಗಳ ಗಾಳಿ ಅಕ್ಕ

ನಮ್ಮ ಓಣಿಯ ಗಾಳಿ ಅಕ್ಕನಿಗೆ ಆ ಹೆಸರಿಟ್ಟವನು ನಾನೇ. ದಿನವಿಡೀ ಇಸ್ತ್ರಿ ಪೆಟ್ಟಿಗೆ ಹಿಡಿದು ಬೆವರು ಸುರಿಸುವವನಿಗೆ ಊರವರಿಗೆಲ್ಲ ಹೆಸರಿಡುವುದು ಬಿಟ್ಟರೆ ಬೇರೆ ಮೋಜು ಏನಿದೆ? ಅವಳ ಕೆಲಸವೂ ಆ ಹೆಸರಿಗೆ ತಕ್ಕ ಹಾಗೇ ಇತ್ತು. ಕಡಲ ದಂಡೆಯಲ್ಲಿ ಸಾಲಾಗಿ ಎದ್ದಿರುವ ಗಾಜಿನ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಯಾವುದೋ ಅದರಲ್ಲಿ, ಯಾರೂ ವಾಸವಿಲ್ಲದ ಮನೆಗಳಲ್ಲಿ ಗಾಳಿ ಆಡಿಸುವುದು. ನಗಬೇಡಿ, ಹಾಗೊಂದು ಕೆಲಸ ನಿಜವಾಗಿಯೂ ಇದೆ. ದುಡ್ಡಿದ್ದವರು ಕಡಲು ಕಾಣುವ ಮನೆ ಕೊಳ್ಳುತ್ತಾರೆ, ವರ್ಷಕ್ಕೊಮ್ಮೆ ಬಂದು ಕಣ್ತುಂಬ ಕಡಲು ನೋಡುತ್ತಾರೆ, ಬೀಗ ಜಡಿದು ಹೋಗುತ್ತಾರೆ. ಮುಚ್ಚಿದ ಮನೆಯಲ್ಲಿ ತೇವ ಕೂತು ಸೋಫಾಕ್ಕೆ ಬೂಷ್ಟು ಹಿಡಿಯುತ್ತದೆ. ಹಾಗಾಗಬಾರದೆಂದು ಅಕ್ಕ ಬೆಳಿಗ್ಗೆ ಹೋಗಿ ಕಿಟಕಿ ತೆರೆಯುತ್ತಿದ್ದಳು, ನಲ್ಲಿ ಬಿಡುತ್ತಿದ್ದಳು, ಬಟ್ಟೆಯಿಲ್ಲದ ಬೀರುಗಳನ್ನೂ ತೆರೆದಿಡುತ್ತಿದ್ದಳು. ಮಧ್ಯಾಹ್ನ ಮತ್ತೆ ಎಲ್ಲವನ್ನೂ ಮುಚ್ಚುವುದು. ಮೊದಲು ಕಿಟಕಿ, ಆಮೇಲೆ ಪರದೆ, ಬೀರು, ಮೇನ್ ಸ್ವಿಚ್, ಕೊನೆಗೆ ಬಾಗಿಲು. ತಲೆ ಎಲ್ಲೇ ಇರಲಿ, ಕೈ ಈ ಕ್ರಮ ತಪ್ಪುತ್ತಿರಲಿಲ್ಲ.

ಅದೇ ಕಟ್ಟಡದ ಬೆನ್ನಿಗೆ ನಮ್ಮ ಓಣಿ. ಅದು ಏಳುವ ಮೊದಲು ನಮಗೂ ಬಿಟ್ಟಿಯಾಗಿ ಕಡಲ ಗಾಳಿ ಸಿಗುತ್ತಿತ್ತು. ಈಗ ಸಿಗುವುದು ಅದರ ಏಸಿ ಯಂತ್ರಗಳು ಉಗುಳುವ ಬಿಸಿ. ಅಕ್ಕನದು ತಗಡಿನ ಮಾಡಿನ ಒಂದೇ ಕೋಣೆ. ಕಿಟಕಿ ಇಲ್ಲವೆಂದರೆ ಸುಳ್ಳಾದೀತು. ಇದೆ, ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತದೆ. ಆ ಕೋಣೆಯಲ್ಲಿ ಅವಳ ಗಂಡ, ನಾನು ಭಾವ ಎನ್ನುತ್ತಿದ್ದವರು, ದಿಂಬಿಗೆ ಒರಗಿ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದರು. ಭಾವ ಕಲ್ಲು ಪಾಲಿಶ್ ಮಾಡುವವರು. ಆ ಅಪಾರ್ಟ್‌ಮೆಂಟಿನ ನೆಲವನ್ನು ಮುಖ ಕಾಣುವ ಹಾಗೆ ಉಜ್ಜಿದವರೂ ಅವರೇ. ಕಲ್ಲು ಅಲ್ಲಿ ಹೊಳೆಯುತ್ತಿದೆ, ಅದರ ಧೂಳು ಇವರ ಎದೆಯಲ್ಲಿ ಕೂತಿದೆ. 'ಚೆನ್ನಾಗಿ ಗಾಳಿ ಬರುವ ಕಡೆ ಇರಿಸಿ' ಎಂದಿದ್ದರು ಡಾಕ್ಟರು. ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಔಷಧಿ ಅಂಗಡಿಯಲ್ಲಾದರೂ ಕೇಳಿ ನೋಡಬಹುದಿತ್ತು.

ಆ ಬೇಸಿಗೆಯಲ್ಲಿ ಭಾವನ ತುಟಿ ನೀಲಿಗಟ್ಟತೊಡಗಿತು. ಒಂದು ಬೆಳಿಗ್ಗೆ ಅಕ್ಕ ಅವರದೊಂದು ಶರಟು ತಂದು ನನ್ನ ಮೇಜಿನ ಮೇಲಿಟ್ಟಳು.

"ಗರಿಗರಿಯಾಗಿ ಇಸ್ತ್ರಿ ಹಾಕ್ಕೊಡೋ. ಏಸಿ ರಿಪೇರಿಯವರ ಥರ ಕಾಣ್ಬೇಕು."

ನನಗೆ ಅರ್ಥವಾಯಿತು. ಬೇಡ ಅನ್ನಬೇಕೆನಿಸಿತು, ಆದರೂ ಶರಟು ಹಾಸಿ ಇಸ್ತ್ರಿ ಎಳೆದೆ. ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಅವಳು ಭಾವನನ್ನು ಮೇಲಿನ ಒಂದು ಮನೆಗೆ ಕರೆದೊಯ್ದಳು. ವಾಚ್‌ಮನ್ ಕಂಡೂ ಕಾಣದವನಂತೆ ಬೇರೆ ಕಡೆ ನೋಡಿದ.

ಭಾವ ಸೋಫಾದ ಮೇಲೆ ಕೂರಲು ಒಪ್ಪಲಿಲ್ಲವಂತೆ. ತಾವೇ ಉಜ್ಜಿದ ನೆಲದ ಮೇಲೆ ಚಾಪೆ ಹಾಸಿಕೊಂಡು, ಕಿಟಕಿಗೆ ಮುಖ ಕೊಟ್ಟು ಮಲಗಿದರು. ಅಕ್ಕ ಅವರ ಫೋನನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು, ಸುಮ್ಮನೆ ರಿಂಗಾಗಿ ಯಾರಿಗಾದರೂ ಕೇಳಿಸೀತೆಂದು.

"ನೋಡಿ, ಬೇರೆಯವರ ದನಿ ಕೇಳಿದ್ರೆ ಬೀರು ಒಳಗೆ ಹೋಗಿ ಕೂತ್ಕೊಳ್ಳಿ. ನಾನು ಕೂಗಿದ್ರೂ ಓ ಅನ್ಬೇಡಿ, ಅವರ ಮುಂದೆ ಏನೋ ನಾಟಕ ಆಡ್ತಿರ್ತೀನಿ. ಕೆಮ್ಮಂತೂ ಕೂಡ್ದೇ ಕೂಡ್ದು. ಗೊತ್ತಾದ್ರೆ ಕೆಲಸ ಹೋಗುತ್ತೆ, ಕಳ್ಳರು ಅಂತ ಪೊಲೀಸರಿಗೂ ಕೊಡ್ತಾರೆ."

"ಕೆಮ್ಮು ನನ್ನ ಮಾತು ಕೇಳುತ್ತೇನೇ?"

"ನೀವು ನನ್ನ ಮಾತು ಕೇಳಿ, ಸಾಕು. ಕೆಮ್ಮಿಗೆ ನೀವು ಹೇಳ್ಕೊಳ್ಳಿ."

ಹಾಗೇ ಕೆಲವು ದಿನ ನಡೆಯಿತು. ಭಾವನ ಮುಖಕ್ಕೆ ಕಳೆ ಬಂತು. "ಇವತ್ತು ಎರಡು ತುತ್ತು ಜಾಸ್ತಿ ಉಂಡ್ರು ಕಣೋ" ಎಂದು ಅಕ್ಕ ನನ್ನ ಅಂಗಡಿ ಮುಂದೆ ನಿಂತು ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ನನಗೂ ಖುಷಿಯಾಯಿತು, ಹೆದರಿಕೆಯೂ ಆಯಿತು.

ಒಂದು ದಿನ ಮಧ್ಯಾಹ್ನ ಅಕ್ಕ ಭಾವನಿದ್ದ ಮನೆಯಲ್ಲೇ ಇದ್ದಾಗ ಕಟ್ಟಡದ ಮ್ಯಾನೇಜರ್ ಫೋನ್ ಮಾಡಿದ. ಪಕ್ಕದ ಮನೆ ನೋಡಲು ಗಿರಾಕಿಗಳು ಬಂದಿದ್ದಾರೆ, ಕೀಲಿಗೊಂಚಲು ತೆಗೆದುಕೊಂಡು ಈ ಕ್ಷಣ ಕೆಳಗೆ ಬಾ ಎಂದ. ಆ ಪಕ್ಕದ ಮನೆಯನ್ನು ಅವಳು ಅವತ್ತು ಇನ್ನೂ ತೆರೆದೇ ಇರಲಿಲ್ಲ. ಒಳಗೆ ಮುಗ್ಗಲು ವಾಸನೆ ಬಂದರೆ ಏನು ಗತಿ ಎಂಬ ಒಂದೇ ಯೋಚನೆ. ಚಾಪೆ ಕಿಟಕಿಯ ಹತ್ತಿರ ಖಾಲಿ ಬಿದ್ದಿತ್ತು, ಭಾವ ಬಚ್ಚಲಿಗೆ ಹೋಗಿದ್ದರು. ಅವಳ ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತು. ಕಿಟಕಿ, ಪರದೆ, ಬೀರು, ಮೇನ್ ಸ್ವಿಚ್, ಬಾಗಿಲು. ಹೊರಗಿನಿಂದ ಬೀಗ.

ಲಿಫ್ಟು ಅರ್ಧ ಇಳಿದಿತ್ತು, ಆಗ ಭಾವ ಒಳಗೇ ಇದ್ದಾರೆಂದು ನೆನಪಾಯಿತು. ಕೆಳಗೆ ಲಿಫ್ಟಿನ ಬಾಗಿಲು ತೆರೆದರೆ ಎದುರಿಗೇ ಮ್ಯಾನೇಜರ್, ಅವನ ಹಿಂದೆ ಗಂಡ ಹೆಂಡತಿ ಇಬ್ಬರು ಗಿರಾಕಿಗಳು. ಅವನು ಕೈ ಚಾಚಿ ಗೊಂಚಲು ಇಸಿದುಕೊಂಡು ಜೇಬಿಗೆ ಹಾಕಿದ. ಎಲ್ಲರೂ ಅದೇ ಲಿಫ್ಟಿನಲ್ಲಿ ಮತ್ತೆ ಮೇಲಕ್ಕೆ ಹೋದರು.

ಪಕ್ಕದ ಮನೆಯ ಕಿಟಕಿಗಳನ್ನು ಅಕ್ಕ ಒಂದೊಂದಾಗಿ ತೆರೆದಳು. ಬಾಲ್ಕನಿಗೆ ಬಂದು ಕತ್ತು ಚಾಚಿ ನೋಡಿದಳು. ಭಾವನಿದ್ದ ಮನೆಯ ಪರದೆ ಎಳೆದಿತ್ತು, ಗಾಜೆಲ್ಲ ಮುಚ್ಚಿತ್ತು, ಅದರ ಮೇಲೆ ಬಿಸಿಲು ರಾಚುತ್ತಿತ್ತು. ಮುಚ್ಚಿದ ಮನೆ ಆ ಹೊತ್ತಿಗೆ ಉರಿಯುವ ಒಲೆಯಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೋಡೆಗೆ ಕಿವಿಯಿಟ್ಟಳು. ಸದ್ದಿಲ್ಲ.

"ಸಾರ್, ಆ ಮನೆ ಕೀಲಿ ಒಂದ್ನಿಮಿಷ ಕೊಡಿ. ಕಿಟಕಿ ಸರಿಯಾಗಿ ಹಾಕಿಲ್ಲ ಅನ್ಸುತ್ತೆ."

ಮ್ಯಾನೇಜರ್ ಬಾಲ್ಕನಿಯಿಂದ ಇಣುಕಿದ. "ಎಲ್ಲಾ ಹಾಕಿದೆಯಲ್ಲಮ್ಮಾ! ಮೇಡಂ, ಈ ಅಮ್ಮ ಇದಾರೆ ಅಂತಾನೇ ನಮ್ಮಲ್ಲಿ ಬೂಷ್ಟು ಅನ್ನೋ ಮಾತೇ ಇಲ್ಲ."

ಗಿರಾಕಿ ಹೆಂಗಸು ನಕ್ಕಳು. ಅಡುಗೆಮನೆ ನೋಡಿದಳು, ಬಚ್ಚಲು ನೋಡಿದಳು, ಮೂಲೆಯ ಪುಟ್ಟ ಕೋಣೆಯ ಬಾಗಿಲಲ್ಲಿ ನಿಂತು ಗಂಡನಿಗೆ, "ರೀ, ನಾಯಿಗೆ ಇದು ಸರಿಹೋಗುತ್ತೆ. ಗಾಳಿ ಚೆನ್ನಾಗಿದೆ" ಎಂದಳು.

ಪಾಪ, ಆ ಹೆಂಗಸಿನ ತಪ್ಪೇನಿಲ್ಲ. ಆದರೆ ಆ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಕ್ಕ ಇಷ್ಟು ಹೊತ್ತು ಕೆಲಸ ಹೋದರೆ ಔಷಧಿ ಎಲ್ಲಿಂದ, ಪೊಲೀಸರು ಬಂದರೆ ಏನು ಮಾಡಲಿ ಎಂದು ತೂಗುತ್ತಾ ನಿಂತಿದ್ದಳಲ್ಲ, ಆ ತಕ್ಕಡಿಯೇ ಮುರಿದುಬಿತ್ತು. ಮ್ಯಾನೇಜರನ ಎರಡೂ ಕೈ ಹಿಡಿದುಕೊಂಡಳು.

"ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ಆ ಮನೇಲಿ ನನ್ನ ಗಂಡ ಇದಾರೆ. ಅವರಿಗೆ ಉಸಿರಾಟದ ಕಾಯಿಲೆ. ಬೀಗ ತೆಗೀರಿ."

"ಏನಮ್ಮಾ, ತಲೆ ಕೆಟ್ಟಿದೆಯಾ?"

"ಕೆಟ್ಟಿದೆ ಸಾರ್. ತೆಗೀರಿ."

ಬಾಗಿಲು ತೆರೆದಾಗ ಬಿಸಿ ಮುಖಕ್ಕೆ ಹೊಡೆಯಿತು. ಅಕ್ಕ "ರೀ! ರೀ!" ಎಂದು ಕೂಗಿದಳು. ಉತ್ತರವಿಲ್ಲ. ಚಾಪೆಯಿಲ್ಲ, ಚಪ್ಪಲಿಯಿಲ್ಲ, ನೀರಿನ ಬಾಟಲಿಯೂ ಇಲ್ಲ. ಯಾರೋ ಇದ್ದರು ಎಂಬ ಗುರುತೇ ಇಲ್ಲ.

"ಎಲ್ಲಮ್ಮಾ, ಯಾರೂ ಇಲ್ವಲ್ಲ!" ಎಂದ ಮ್ಯಾನೇಜರ್.

ಅವನ ದನಿ ಕೇಳಿದ ಮೇಲೆ ಅಕ್ಕನಿಗೆ ಹೊಳೆಯಿತು. ಬೇರೆಯವರಿದ್ದರೆ ಓ ಅನ್ನಬೇಡಿ ಎಂದು ಹೇಳಿಕೊಟ್ಟವಳು ತಾನೇ. ಕಿಟಕಿ ಮುಚ್ಚಿ ಬೀಗ ಹಾಕಿದ ಸದ್ದು ಕೇಳಿ, ಯಾರೋ ಬರುತ್ತಿದ್ದಾರೆ, ಅದಕ್ಕೇ ಹೆಂಡತಿ ಹೀಗೆ ಮಾಡಿದಳೆಂದು ಭಾವ ತಿಳಿದಿದ್ದರು. ಅವಳು ಓಡಿಹೋಗಿ ಮಲಗುವ ಕೋಣೆಯ ಬೀರು ತೆರೆದಳು.

ಭಾವ ಒಳಗೆ ಮೊಣಕಾಲು ಮಡಚಿ ಕೂತಿದ್ದರು. ಚಾಪೆ, ಚಪ್ಪಲಿ, ಬಾಟಲಿ ಎಲ್ಲ ಮಡಿಲಲ್ಲಿತ್ತು. ಕೆಮ್ಮು ಹೊರಗೆ ಬರದ ಹಾಗೆ ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದರು. ನಾನು ಇಸ್ತ್ರಿ ಮಾಡಿದ ಶರಟು ಬೆವರಿನಲ್ಲಿ ಒದ್ದೆಯಾಗಿತ್ತು. ಅಕ್ಕ ಟವೆಲ್ ಎಳೆದು ಅವರನ್ನು ನೆಲಕ್ಕೆ ಒರಗಿಸಿದಳು. ಗಿರಾಕಿ ಗಂಡಸು ಹೋಗಿ ಕಿಟಕಿ ತೆರೆದ. ಎಷ್ಟೋ ಹೊತ್ತಿನ ಮೇಲೆ ಭಾವನ ಕಣ್ಣು ಸ್ವಲ್ಪ ತೆರೆಯಿತು. ಅವರಿಗೆ ಹೆಂಡತಿಯ ಮುಖ ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ.

"ಅವರು ಹೋದ್ರೇನೇ?" ಎಂದರು.

ಮ್ಯಾನೇಜರ್, ಗಿರಾಕಿಗಳು, ಓಡಿಬಂದ ವಾಚ್‌ಮನ್, ಎಲ್ಲರೂ ಸುತ್ತ ನಿಂತಿದ್ದರು.

"ಹೋದ್ರು ರೀ" ಎಂದಳು ಅಕ್ಕ. "ಎಲ್ಲಾ ಹೋದ್ರು. ಈಗ ಕೆಮ್ಮಿ."

ಅವಳ ಕೆಲಸ ಅಂದೇ ಹೋಯಿತು. ಪೊಲೀಸರಿಗೆ ಮಾತ್ರ ಹೇಳಲಿಲ್ಲ, ಮನೆ ಮಾರುವವರಿಗೆ ಅಂಥ ಸುದ್ದಿ ಬೇಕಿರಲಿಲ್ಲ. ಆಸ್ಪತ್ರೆಯಿಂದ ಭಾವ ಓಣಿಯ ಅದೇ ಕೋಣೆಗೆ ಮರಳಿದರು, ಅದೇ ದಿಂಬಿಗೆ ಒರಗಿದರು. ಇಸ್ತ್ರಿ ಮಾಡಿದ ಬಟ್ಟೆ ಕೊಡಲು ಮೊನ್ನೆ ಅವರ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ನನ್ನ ದನಿ ಕೇಳಿದ್ದೇ ತಡ, ಭಾವ ಕೈಯಿಂದ ಬಾಯಿ ಒತ್ತಿ ಹಿಡಿದರು. ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಆ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ಕೆಮ್ಮಿ ರೀ. ಇದು ನಮ್ಮ ಮನೇನೇ."