ಗೇಣುದ್ದದ ಪ್ರವೀಣ

ನಂಬಿ ಎಂದು ನಾನು ಒತ್ತಾಯ ಮಾಡುವುದಿಲ್ಲ. ಎಂ.ಎ.ಯಲ್ಲಿ ಓದಿದ್ದೇ ಮನಃಶಾಸ್ತ್ರ. ನೆನಪು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತದೆ ಎಂಬುದು ನನಗೆ ಗೊತ್ತು. ಆದರೂ ಇದು ನಡೆದದ್ದು. ಕಳೆದ ಬೇಸಿಗೆಯಲ್ಲಿ, ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯ ಹಿಂಬದಿ ಕೋಣೆಯಲ್ಲಿ. ಅನುಮಾನ ಇರುವ ಕಡೆ ಅನುಮಾನ ಎಂದೇ ಹೇಳುತ್ತೇನೆ.

ಫೋಟೋ ನೋಡಿ ಗೇಣುದ್ದದ ಮೂರ್ತಿ ಮಾಡಿಕೊಡುವುದು ನನ್ನ ಕೆಲಸ. ಒಳಗೆ ತಂತಿಯ ಎಲುಬು, ಅದರ ಮೇಲೆ ಪಾಲಿಮರ್ ಜೇಡಿ, ಓವನ್ನಿನಲ್ಲಿ ಬೇಯಿಸಿ ಬಣ್ಣ, ಕೆಳಗೊಂದು ಪೀಠ. ಮದುವೆಯ ಜೋಡಿ, ನಿವೃತ್ತರಾದ ಮೇಷ್ಟ್ರು, ಹುಟ್ಟುಹಬ್ಬದ ಮಕ್ಕಳು, ಇಂಥವೇ ಹೆಚ್ಚು. ತೀರಿಕೊಂಡವರ ಮೂರ್ತಿ ಅದೇ ಮೊದಲು.

ಭದ್ರಾವತಿಯ ಜನ್ನಾಪುರದಿಂದ ಸುಜಾತಾ ಎಂಬುವರು ಬಂದಿದ್ದರು. ಅವರ ತಮ್ಮ ಪ್ರವೀಣ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

"ಅಮ್ಮ ಅವನ ಫೋಟೋ ಕಡೆ ತಿರುಗಿ ನೋಡಲ್ಲ ಮೇಡಂ. ಹಾರ ಹಾಕಿದೀರಲ್ಲ, ಅದು ನನ್ನ ಮಗ ಅಲ್ಲ ಅಂತಾರೆ. ಒಂದು ಹನಿ ಕಣ್ಣೀರೂ ಹಾಕಿಲ್ಲ. ನಗ್ತಾ ನಿಂತಿರೋ ಹಾಗೆ ಮಾಡ್ಕೊಡಿ. ವರ್ಷದ ಕಾರ್ಯದ ದಿನ ಒಂದ್ಸಲ ಅವನ ಮುಖ ನೋಡ್ಲಿ."

ಹೇಗೆ ತೀರಿಕೊಂಡ ಎಂದು ಕೇಳಲು ಬಾಯಿ ಬರಲಿಲ್ಲ. ಪೀಠ ಹೇಗಿರಲಿ ಎಂದಷ್ಟೇ ಕೇಳಿದೆ.

"ನಿಮಗೆ ತೋಚಿದ್ದು ಮಾಡಿ."

ಫೋನಿಗೆ ಕಳಿಸಿದ್ದ ಫೋಟೋಗಳ ರಾಶಿಯಲ್ಲಿ ಒಂದರಲ್ಲಿ ಅವನು ಗಾಜನೂರಿನ ಹೊಳೆಯಲ್ಲಿ ಪ್ಯಾಂಟು ಮಡಚಿಕೊಂಡು ನಿಂತು ನಗುತ್ತಿದ್ದ. ನನಗೆ ತೋಚಿದ್ದು ಅದೇ. ಪೀಠದ ಮೇಲೆ ಸಣ್ಣ ಕಲ್ಲುಗಳನ್ನು ಜೋಡಿಸಿ, ನಡುವೆ ಅವನನ್ನು ನಿಲ್ಲಿಸಿ, ಪಾದ ಮುಳುಗುವಷ್ಟು ರೆಸಿನ್ ಸುರಿದೆ. ಗಾಜಿನಂತೆ ಗಟ್ಟಿಯಾಗುವ ದ್ರವ ಅದು, ನೋಡಿದರೆ ತಿಳಿನೀರೇ. ಚೆಂದ ಬಂದಿತ್ತು. ಹೆಮ್ಮೆಯೂ ಆಗಿತ್ತು.

ಮಾರನೆಯ ಸಂಜೆಗೆ ಉಳಿದದ್ದು ಕಣ್ಣು ಮಾತ್ರ. ಕಣ್ಣು ಬಿಡಿಸುವುದು ಯಾವಾಗಲೂ ಕೊನೆಗೆ. ದೇವರ ಮೂರ್ತಿ ಮಾಡುವವರಿಂದ ಬಂದ ರೂಢಿ. ಬೆಳಿಗ್ಗೆ ಸುಜಾತಾ ಬರುವವರಿದ್ದರು. ಊಟ ಕಟ್ಟಿಸಿಕೊಂಡು ಬರಲು ಹೊರಟ ನನ್ನ ಗಂಡ ಶಶಿ ಬಾಗಿಲಲ್ಲಿ ನಿಂತು ನಕ್ಕ.

"ಬೇಗ ಕಣ್ಣು ಬಿಡ್ಸಿ ಮುಗ್ಸು ಮಾರಾಯ್ತಿ. ಪಾಪ, ಎಷ್ಟು ಹೊತ್ತು ಕುರುಡನ ಹಾಗೆ ನಿಲ್ಸಿರ್ತೀಯ ಅವನನ್ನ?"

ಅವನು ಹೋಗಿ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಂತಿತು... ಬೀದಿಯೂ ನಿಶ್ಶಬ್ದ. ಎಮರ್ಜೆನ್ಸಿ ಲೈಟನ್ನು ಮೇಜಿನ ಮೇಲಿಟ್ಟು ಕುಂಚ ಎತ್ತಿಕೊಂಡೆ.

ಮೊದಲು ಬಂದದ್ದು ವಾಸನೆ. ರೆಸಿನ್ನಿನ ಘಾಟು ನನಗೆ ಗೊತ್ತು, ಇದು ಅದಲ್ಲ. ಪಾಚಿ... ನೆನೆದ ಕಲ್ಲು...

ಆಮೇಲೆ ಹಿಂದಿನಿಂದ, ಪಿಸುಮಾತಿನಲ್ಲಿ...

"ಬಿಡ್ಸು..."

ಶಶಿ ವಾಪಸ್ ಬಂದನೆಂದುಕೊಂಡೆ. "ಬಿಡಿಸ್ತಾ ಇದೀನಿ, ಸುಮ್ನಿರು ಮಾರಾಯ," ಎಂದೆ, ತಿರುಗಿ ನೋಡದೆ. ಎಡಗಣ್ಣು ಮುಗಿಯಿತು.

"ಬಿಡ್ಸು..."

ಈ ಸಲ ದನಿ ಮೇಜಿನ ಎತ್ತರದಲ್ಲಿತ್ತು. ಬಾಯಲ್ಲಿ ನೀರು ತುಂಬಿದವನು ಮಾತಾಡಿದ ಹಾಗೆ. ಹಾಗೆಂದು ಆಗಲೇ ಅನ್ನಿಸಿತ್ತೋ, ಆಮೇಲೆ ತಿಳಿದದ್ದರಿಂದ ಅನ್ನಿಸುತ್ತಿದೆಯೋ... ಹೇಳಲಾರೆ. ಕೈ ಮಾತ್ರ ನಡುಗಲಿಲ್ಲ. ನೇರ ಮುಂದೆ ನೋಡುವಂತೆ ಬಲಗಣ್ಣಿನ ಕಪ್ಪು ಚುಕ್ಕೆ ಇಟ್ಟೆ.

ಆಗ ಫೋನು ಬಡಿದುಕೊಂಡಿತು. ಶಶಿ.

"ಇಲ್ಲಿ ವಿಪರೀತ ರಶ್ಶು. ಪಲ್ಯ ಖಾಲಿಯಂತೆ, ಮೊಸರು ಸಾಕಾ?"

"ನೀನು... ಎಲ್ಲಿದೀಯ?"

"ಹೋಟೆಲಲ್ಲಿ ಕಣೇ. ಇನ್ನೆಲ್ಲಿ?"

ಕುಂಚ ಅಲ್ಲೇ ಬಿತ್ತು. ಅವನು ಬರುವವರೆಗೆ ಗೇಟಿನ ಹೊರಗೆ ನಿಂತಿದ್ದೆ.

"ಪಕ್ಕದ್ಮನೆ ಟಿ.ವಿ. ಇರ್ಬೇಕು," ಎಂದ ಶಶಿ.

"ಕರೆಂಟಿರ್ಲಿಲ್ಲ."

ಆ ರಾತ್ರಿ ಕೋಣೆಯ ಚಿಲಕ ಹೊರಗಿನಿಂದ ಹಾಕಿದೆವು.

ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಒಳಗೆ ಹೋದೆ. ಮುಗಿದ ಮೂರ್ತಿಯ ಫೋಟೋ ತೆಗೆಯುವುದು ಅಭ್ಯಾಸ; ತೆಗೆದೆ. ತೆಗೆಯುವಾಗಲೇ ಕಂಡದ್ದು... ಅವನು ನನ್ನ ಕಡೆ ನೋಡುತ್ತಿರಲಿಲ್ಲ. ಕೆಳಗೆ, ತನ್ನ ಪಾದದ ಕಡೆ ನೋಡುತ್ತಿದ್ದ. ಅಷ್ಟು ಸಣ್ಣ ಕಣ್ಣಿನಲ್ಲಿ ಕೂದಲೆಳೆ ಆಚೀಚೆಯಾದರೂ ನೋಟ ಬದಲಾಗುತ್ತದೆ. ಕತ್ತಲಲ್ಲಿ ನಾನೇ ತಪ್ಪಿರಬಹುದು.

ತಿದ್ದಲು ಕೂರುವಷ್ಟರಲ್ಲಿ ಸುಜಾತಾ ಬಂದರು. ಮುಖ ನೋಡಿ ನಕ್ಕರು. ಪೀಠ ನೋಡಿದ ತಕ್ಷಣ ಕುರ್ಚಿ ಹಿಡಿದು ಕೂತುಬಿಟ್ಟರು.

"ಇದನ್ನ... ಯಾರು ಹೇಳಿದ್ರು ನಿಮಗೆ?"

"ಏನನ್ನ?"

"ಅವನು ಹೋಗಿದ್ದು ಹೊಳೇಲೇ. ಕಾಲು ಬಂಡೆ ಸಂದೀಲಿ ಸಿಕ್ಕಾಕೊಂಡಿತ್ತು. ಬಿಡ್ಸಿ, ಬಿಡ್ಸಿ ಅಂತ ಕೂಗ್ತಾನೇ ಇದ್ನಂತೆ. ಜೊತೇಲಿದ್ದೋರ ಕೈಲಿ ಬಿಡ್ಸಕ್ಕಾಗ್ಲಿಲ್ಲ... ಅಮ್ಮನಿಗೆ ಇದನ್ನ ಹೆಂಗೆ ತೋರಿಸ್ಲಿ ಮೇಡಂ? ನಾಡಿದ್ದೇ ಕಾರ್ಯ."

"ಕೂತಿರಿ," ಎಂದೆ. "ಬಿಡಿಸಿ ಕೊಡ್ತೀನಿ."

ಶಶಿ ಪೀಠ ಹಿಡಿದುಕೊಂಡ. ಡ್ರೈಯರಿನ ಬಿಸಿಗಾಳಿಗೆ ರೆಸಿನ್ ಸ್ವಲ್ಪ ಮೆತ್ತಗಾದಂತೆ ಸಣ್ಣ ಗರಗಸ ಆಡಿಸಿದೆ. ಕಣಕಾಲು ಮುರಿದರೆ ಮುಗಿಯಿತು. ಆ ತಾಯಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಎಡಪಾದ ಸುಲಭವಾಗಿ ಬಂತು. ಬಲಪಾದ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಆ ಕಾಲೇ..." ಎಂದರು ಸುಜಾತಾ, ತಮಗೆ ತಾವೇ ಎಂಬಂತೆ.

ಎಷ್ಟು ಹೊತ್ತು ಹಿಡಿಯಿತೋ. ಕೊನೆಗೆ ಅದೂ ಸಡಿಲವಾಯಿತು. ಮುರಿಯಲಿಲ್ಲ. ಪಾದವಿದ್ದ ಗುಳಿಯ ತಳದಲ್ಲಿ ಒಂದು ಹನಿ ಮಿನುಗುತ್ತಿತ್ತು. ಪೂರ್ತಿ ಒಣಗದ ರೆಸಿನ್ ಹಾಗಿರುವುದುಂಟು. ಅದು ಅಂಟುತ್ತದೆ. ಇದು ಅಂಟಲಿಲ್ಲ... ಬೆರಳು ಒದ್ದೆಯಾಯಿತು.

ಬರೀ ಮರದ ಹಲಗೆಯ ಮೇಲೆ, ಅಂಟು ಹಾಕದೆ, ಅವನನ್ನು ನಿಲ್ಲಿಸಿ ಕೊಟ್ಟೆ. ಕಣ್ಣು ತಿದ್ದುವ ಧೈರ್ಯ ಬರಲಿಲ್ಲ.

ಕಾರ್ಯ ಮುಗಿದ ಸಂಜೆ ಸುಜಾತಾ ಫೋನು ಮಾಡಿದರು. "ಅಮ್ಮ ಎದೆಗವುಚಿಕೊಂಡು ಅತ್ರು ಮೇಡಂ, ಈ ವರ್ಷದಲ್ಲಿ ಮೊದಲ್ನೇ ಸಲ. ಎಷ್ಟು ಚೆನ್ನಾಗಿ ಕಣ್ಣು ಬಿಡ್ಸಿದಾರೆ, ನೇರ ನನ್ನೇ ನೋಡ್ತಾನೆ ಅಂತಾರೆ."

ನೇರ ನೋಡುತ್ತಾನೆಯೇ... ನಾನು ಜನ್ನಾಪುರಕ್ಕೆ ಹೋಗಿಲ್ಲ. ಬೆಳಿಗ್ಗೆ ತೆಗೆದ ಆ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ತೆರೆದರೆ ತಪ್ಪು ನನ್ನ ಕುಂಚದ್ದೋ ನೆನಪಿನದೋ ಎಂದು ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ತೆರೆದಿಲ್ಲ.

ಆದರೆ ಕರೆಂಟು ಹೋದಾಗಲೆಲ್ಲ ಒಂದೇ ಯೋಚನೆ. ಅವನು ಬಿಡಿಸು ಎಂದದ್ದು ಕಾಲನ್ನು. ನಾನು ಕಣ್ಣು ಬಿಡಿಸಿದೆ... ಆಮೇಲೆ ಇಡೀ ರಾತ್ರಿ ಅವನನ್ನು ಆ ನೀರಿನಲ್ಲೇ ನಿಲ್ಲಿಸಿ, ಚಿಲಕ ಹಾಕಿದೆ.